ಮುಳ್ಳು ಸಿಕ್ಕಿದರೆ ಮಂಗಳೂರಿಗೆ ಯಾಕೆ?

ಕಾಸರಗೋಡಿನವರು ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ್ದಕ್ಕೂ ಮಂಗಳೂರಿಗೆ ಓಡುತ್ತೀರಲ್ಲ ಅಂತ ಕೇಳಿದ್ದೀರಿ. ಎಲ್ಲ ಮುಳ್ಳಿಗೂ ಓಡುವುದಿಲ್ಲ. ಬೂತಾಯಿ ಮೀನಿನ ಸಣ್ಣ ಮುಳ್ಳು ಮೇಲೆಯೇ ಚುಚ್ಚಿಕೊಂಡಿದ್ದರೆ ಇಲ್ಲಿನ ಡಾಕ್ಟರೇ ತೆಗೆದು ಕಳಿಸುತ್ತಾರೆ. ಹೆದರಬೇಕಾದ್ದು ಕೆಳಗಿಳಿದು ಅನ್ನನಾಳವನ್ನೇ ತೂತು ಮಾಡುವ ಮುಳ್ಳಿಗೆ.

ನಮ್ಮಲ್ಲಿ ಮನೆಮನೆಗೂ ಗೊತ್ತಿರುವ ಮದ್ದೆಂದರೆ ಕುಚ್ಚಲಕ್ಕಿ ಅನ್ನದ ಉಂಡೆಯನ್ನೋ ಬಾಳೆಹಣ್ಣನ್ನೋ ಅಗಿಯದೆ ನುಂಗುವುದು. ದಯವಿಟ್ಟು ಬೇಡ. ಅದು ಮುಳ್ಳನ್ನು ಇನ್ನಷ್ಟು ಆಳಕ್ಕೆ ಒತ್ತಬಹುದು. ತೂತಾದರೆ ಎಂಜಲು, ತಿಂದದ್ದು ಎಲ್ಲ ಎದೆಗೂಡಿಗೆ ಸೋರಿ ಕೀವು ಕಟ್ಟುತ್ತದೆ. ಪಕ್ಕದಲ್ಲೇ ಹೃದಯದಿಂದ ಹೊರಟ ದೊಡ್ಡ ರಕ್ತನಾಳ ಬೇರೆ ಇದೆ.

ಮುಳ್ಳೇ ಬೇಕೆಂದಿಲ್ಲ, ಜೋರು ವಾಂತಿಯಿಂದಲೂ ಅನ್ನನಾಳ ಹರಿದುಹೋಗಬಹುದು. ಒಳಪದರ ಮಾತ್ರ ಸೀಳಿದರೆ ವಾಂತಿಯಲ್ಲಿ ರಕ್ತ ಬರುತ್ತದೆ, ಹೆಚ್ಚಾಗಿ ತಾನೇ ನಿಲ್ಲುತ್ತದೆ, ಆದರೂ ತೋರಿಸಲೇಬೇಕು. ಪೂರ್ತಿ ಹರಿದರೆ ವಾಂತಿಯ ಬೆನ್ನಿಗೇ ಎದೆಯಲ್ಲಿ ತಡೆಯಲಾಗದ ನೋವು, ಉಸಿರಾಟ ಕಷ್ಟ, ಆಮೇಲೆ ಜ್ವರ. ಇದನ್ನು ಗ್ಯಾಸ್ ಅಂತಲೋ ಹಾರ್ಟ್ ಅಟ್ಯಾಕ್ ಅಂತಲೋ ತಿಳಿದು ಹೊತ್ತು ಕಳೆಯುವುದೇ ಜಾಸ್ತಿ. ಕೆಲವರಿಗೆ ಕುತ್ತಿಗೆಯ ಬುಡ ಊದಿರುತ್ತದೆ, ಬೆರಳಿಂದ ಒತ್ತಿದರೆ ಚರ್ಮದಡಿಯಲ್ಲಿ ಗಾಳಿಗುಳ್ಳೆ ಪಟಪಟ ಒಡೆದ ಹಾಗಾಗುತ್ತದೆ. ಅದು ಕಂಡರೆ ಒಂದು ನಿಮಿಷವೂ ಕಾಯಬೇಡಿ.

ಬರೀ ಎಕ್ಸ್‌ರೇಯಲ್ಲಿ ಮೀನಿನ ಮುಳ್ಳು ಎಷ್ಟೋ ಸಲ ಕಾಣುವುದೇ ಇಲ್ಲ, ಸಿಟಿ ಸ್ಕ್ಯಾನ್ ಬೇಕು. ಬಾಯಿಗೆ ಔಷಧಿ ನೀರು ಕೊಟ್ಟು ಎಲ್ಲಿ ಸೋರುತ್ತಿದೆ ಅಂತಲೂ ನೋಡುತ್ತಾರೆ. ಆಮೇಲೆ ಬಾಯಿಗೆ ಹನಿ ನೀರೂ ಇಲ್ಲ, ನರಕ್ಕೆ ಆ್ಯಂಟಿಬಯೋಟಿಕ್, ಕೀವು ಬಸಿಯಲು ಟ್ಯೂಬ್. ಸಣ್ಣ ತೂತಾದರೆ ಅಷ್ಟರಲ್ಲೇ ಕೂಡಿಕೊಳ್ಳಬಹುದು, ಕೆಲವರಿಗೆ ಎಂಡೋಸ್ಕೋಪಿಯಲ್ಲಿ, ಅಂದರೆ ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ, ಕ್ಲಿಪ್ಪೋ ತೂತನ್ನು ಒಳಗಿಂದ ಮುಚ್ಚುವ ಸ್ಟೆಂಟೋ ಹಾಕುತ್ತಾರೆ, ದೊಡ್ಡದಾದರೆ ಆಪರೇಷನ್. ಮೊದಲ 24 ಗಂಟೆಯೊಳಗೆ ಚಿಕಿತ್ಸೆ ಶುರುವಾದರೆ ಉಳಿಯುವ ಸಾಧ್ಯತೆ ತುಂಬಾ ಜಾಸ್ತಿ.

ಇದೆಲ್ಲ, ಅದರಲ್ಲೂ ಎದೆ ತೆರೆದು ಹೊಲಿಯುವ ಸರ್ಜನ್, ಒಂದೇ ಕಡೆ ಸಿಗುವ ಹತ್ತಿರದ ಊರು ನಮಗೆ ಮಂಗಳೂರು. ಕಾಸರಗೋಡು ಪೇಟೆಯಿಂದ ಸುಮಾರು 50 ಕಿಲೋಮೀಟರ್, ಮಂಜೇಶ್ವರದಿಂದ ಇನ್ನೂ ಹತ್ತಿರ. ನಮ್ಮ ರಾಜ್ಯ ಕೇರಳದ ರಾಜಧಾನಿ ತಿರುವನಂತಪುರ ಎಲ್ಲಿ, ನಾವೆಲ್ಲಿ! 2020ರ ಕೊರೊನಾ ಲಾಕ್‌ಡೌನ್‌ನಲ್ಲಿ ಕರ್ನಾಟಕದವರು ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರು ತಲುಪಲಾಗದೆ ಇಲ್ಲಿಯ ರೋಗಿಗಳು ತೀರಿಕೊಂಡರು, ವಿಷಯ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ಸಂಕಟ ಇಲ್ಲಿ ಯಾರೂ ಮರೆತಿಲ್ಲ.

ನೀವು ಇಲ್ಲಿಗೆ ಬಂದಾಗ ಹೀಗೇನಾದರೂ ಆದರೆ ಏನೂ ತಿನ್ನದೆ, ಕುಡಿಯದೆ ಹೊರಡಿ. ತುಳುವೋ ಮಲಯಾಳವೋ ಕನ್ನಡವೋ, ಬಂದ ಭಾಷೆಯಲ್ಲಿ ಡಾಕ್ಟರಿಗೆ ಮೊದಲು ಹೇಳಬೇಕಾದ್ದು ಇಷ್ಟು: ಯಾವ ಮೀನು, ಎಷ್ಟು ಹೊತ್ತಾಯಿತು, ಆಮೇಲೆ ಏನಾದರೂ ನುಂಗಿದ್ದೀರಾ.