ಮಾಸ್ಕ್ ತೆಗೆಯದ ಕ್ಯಾಶಿಯರ್

ಗುರುತು ಸಿಗಬಾರದೆಂದು ಹೆಸರು, ವಯಸ್ಸು, ಕೆಲಸದ ವಿವರ ಬದಲಿಸಿದ್ದೇನೆ. ಸುಮಾ ಎಂದಿಟ್ಟುಕೊಳ್ಳಿ. ಮೂವತ್ತರ ಆಸುಪಾಸು. ಆಲೂರು ಕಡೆಯ ಒಂದು ಸಹಕಾರ ಸಂಘದಲ್ಲಿ ಕ್ಯಾಶಿಯರ್. ಶುಂಠಿ, ಆಲೂಗಡ್ಡೆ ಬೆಳೆಯುವ ರೈತರಿಂದ ಸಾಲದ ಕಂತು ಕಟ್ಟಿಸಿಕೊಂಡು ರಸೀದಿ ಕೊಡುವ ಕೆಲಸ. ಹಾಸನಕ್ಕೆ ನನ್ನ ಹತ್ತಿರ ಆಪ್ತಸಲಹೆಗೆಂದು ಬಂದಾಗ ಕೇಳಿದ್ದು ಇಷ್ಟೇ: "ಕೆಲಸ ಬಿಡ್ಬೇಕು ಅಂತಿದೀನಿ. ಮನೇಲಿ ಹೇಗೆ ಒಪ್ಪಿಸೋದು?"

ಮಾತಾಡಿದಷ್ಟು ಹೊತ್ತೂ ಮುಖದ ಮಾಸ್ಕ್ ಇಳಿಯಲಿಲ್ಲ. 2020ರಲ್ಲಿ ಎಲ್ಲರಂತೆ ಮಾಸ್ಕ್ ಹಾಕಿಕೊಂಡಾಗ ತನ್ನ ಉಸಿರು ತನಗೇ ನಾರಿತಂತೆ. ಕೊರೋನಾ ಕಳೆದು ಊರಿನವರೆಲ್ಲ ಮಾಸ್ಕ್ ಬಿಸಾಡಿದರೂ ಇವರು ಬಿಡಲಿಲ್ಲ. ಕೇಳಿದವರಿಗೆ ಡಸ್ಟ್ ಅಲರ್ಜಿ ಎಂಬ ಉತ್ತರ ಸಿದ್ಧವಾಗಿತ್ತು. ಕೌಂಟರಿನ ಆಚೆ ನಿಂತ ರೈತ ಮೂಗು ಉಜ್ಜಿಕೊಂಡರೆ ಅದು ತನ್ನ ಬಾಯಿಂದಲೇ, ಯಾರಾದರೂ ಕಿಟಕಿ ತೆರೆದರೆ ಅದೂ ತನ್ನಿಂದಲೇ. ಬ್ಯಾಗಿನಲ್ಲಿ ಏಲಕ್ಕಿ, ಲವಂಗ, ಪೆಪ್ಪರ್‌ಮಿಂಟ್, ಒಂದು ಮೌತ್‌ವಾಶ್ ಬಾಟಲಿ. ಗಂಟೆಗೊಮ್ಮೆ ಮುಂಗೈ ನೆಕ್ಕಿ ಮೂಸಿ ನೋಡುವ ಅಭ್ಯಾಸ ಬೇರೆ.

ಇಂಥವರಿಗೆ "ಎಲ್ಲ ನಿಮ್ಮ ಭ್ರಮೆ" ಎಂದುಬಿಡುವುದು ಸುಲಭ. ನಾನು ಹಾಗೆ ಹೇಳುವುದಿಲ್ಲ. ಭಯ ಇದೆ ಅಂದಮಾತ್ರಕ್ಕೆ ವಾಸನೆ ಇಲ್ಲ ಎಂದಾಗುವುದಿಲ್ಲ. ಸದಾ ಜೊತೆಗಿರುವ ವಾಸನೆಗೆ ಮೂಗು ಒಗ್ಗಿಹೋಗುವುದರಿಂದ ತನ್ನ ಬಾಯಿಯ ವಿಷಯದಲ್ಲಿ ತನ್ನ ಮೂಗಿನ ಸಾಕ್ಷಿ ನಡೆಯುವುದೂ ಇಲ್ಲ. ಅವರ ಒಪ್ಪಿಗೆ ಪಡೆದು ಗಂಡನನ್ನು ಬೇರೆಯಾಗಿ ಕೇಳಿದೆ. ಆತ ಸ್ವಲ್ಪ ಹೊತ್ತು ಚಪ್ಪಲಿ ನೋಡುತ್ತ ಕೂತು, "ಇದೆ ಮೇಡಂ. ಬಹಳ ದಿನದಿಂದ ಇದೆ. ಹೇಳಿದ್ರೆ ನೊಂದ್ಕೋತಾಳೆ ಅಂತ ಏಲಕ್ಕಿ ತಂದ್ಕೊಡ್ತಿದ್ದೆ" ಎಂದರು. ಹೆಂಡತಿಗೆ ಆ ಏಲಕ್ಕಿಯ ಅರ್ಥ ಮೊದಲ ದಿನವೇ ಗೊತ್ತಾಗಿತ್ತು. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಹಾಗಾಗಿ ನನ್ನ ಮೊದಲ ಸಲಹೆ ಮನಸ್ಸಿಗೆ ಸಂಬಂಧಿಸಿದ್ದಲ್ಲ: ದಂತವೈದ್ಯರಿಗೆ ಬಾಯಿ ತೋರಿಸಿ. ಅದಕ್ಕೆ ಸುಮಾ ಹೌಹಾರಿದರು. ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ಅವರ ತಾಯಿ ಹೇಳಿದ್ದರಂತೆ. ಆ ಮಾತು ನಮ್ಮ ಕಡೆ ಮನೆಮನೆಯಲ್ಲೂ ಇದೆ. ಹಲ್ಲಿನ ಬುಡದಲ್ಲಿ ಗಟ್ಟಿಯಾದ ಗಾರೆ ತೆಗೆದ ಮೇಲೆ ಊದಿದ ವಸಡು ಇಳಿಯುತ್ತದೆ, ಅಲ್ಲಿಯವರೆಗೆ ಮುಚ್ಚಿಕೊಂಡಿದ್ದ ಸಂದು ಕಾಣಿಸುತ್ತದೆ. ಸಂದು ಮಾಡಿದ್ದು ರೋಗ, ಬೈಸಿಕೊಳ್ಳುವುದು ವೈದ್ಯರು. ಇನ್ನು, ಇದೆಲ್ಲ ಹೊಟ್ಟೆಯ ಉಷ್ಣ ಎಂದು ವರ್ಷಗಟ್ಟಲೆ ಕಷಾಯ ಕುಡಿದಿದ್ದರು. ಬಾಯಿ ವಾಸನೆಯ ಬಹುಪಾಲು ಹುಟ್ಟುವುದು ಬಾಯಲ್ಲೇ, ನಾಲಿಗೆಯ ಹಿಂಭಾಗದಲ್ಲಿ ಮತ್ತು ವಸಡಿನ ಸಂದಿನಲ್ಲಿ. ಟಾನ್ಸಿಲ್, ಸೈನಸ್, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಕಾರಣವಾಗುವುದುಂಟು. ಸುಮಾ ಅವರಲ್ಲಿ ಅವು ಇರಲಿಲ್ಲ.

ಇದ್ದದ್ದು ವಸಡಿನ ರೋಗ. ಹಲ್ಲು ಮತ್ತು ವಸಡಿನ ನಡುವಿನ ಸಂದು ಆರೋಗ್ಯವಂತರಲ್ಲಿ 3 ಮಿಲಿಮೀಟರ್ ಮೀರುವುದಿಲ್ಲ. ಇವರ ಹಿಂದಿನ ಹಲ್ಲುಗಳಲ್ಲಿ ಕೆಲವು ಕಡೆ 6 ಇತ್ತು. ಉಜ್ಜುವಾಗ ರಕ್ತ ಬರುತ್ತಿದೆ ಎಂದು ಆ ಜಾಗವನ್ನೇ ಬಿಟ್ಟು ಉಜ್ಜುತ್ತಿದ್ದರು. ರಕ್ತ ಬರುವ ಜಾಗವನ್ನೇ ಮೃದು ಬ್ರಷ್‌ನಿಂದ ಹೆಚ್ಚು ಗಮನವಿಟ್ಟು ಉಜ್ಜಬೇಕು. ನಾಲಿಗೆಯನ್ನಂತೂ ಸ್ಟೀಲ್ ಪಟ್ಟಿಯಿಂದ ರಕ್ತ ಒಸರುವಷ್ಟು ಕೆರೆಯುತ್ತಿದ್ದರು.

ವೈದ್ಯರು ಹೇಳಿದ್ದನ್ನು ನಾನು ಮತ್ತೆ ನಿಧಾನವಾಗಿ ಬಿಡಿಸಿ ಹೇಳಿದೆ, ಯಾಕೆಂದರೆ ನಾಚಿಕೆಯಲ್ಲಿ ಕೂತವರಿಗೆ ಆಸ್ಪತ್ರೆಯಲ್ಲಿ ಹೇಳಿದ್ದು ಕಿವಿಗೆ ಬೀಳುವುದಿಲ್ಲ. ಗಾಳಿಯಾಡದ ಸಂದುಗಳಲ್ಲಿ ಬದುಕುವ ಬ್ಯಾಕ್ಟೀರಿಯಾಗಳಿವೆ. ಆಹಾರದ ಚೂರು, ಉದುರಿದ ಜೀವಕೋಶ, ರಕ್ತ ಇವುಗಳಲ್ಲಿರುವ ಪ್ರೋಟೀನನ್ನು ಅವು ಒಡೆಯುತ್ತವೆ. ಅದರಲ್ಲಿನ ಗಂಧಕ ಹೈಡ್ರೋಜನ್ ಸಲ್ಫೈಡ್, ಮೀಥೈಲ್ ಮರ್ಕ್ಯಾಪ್ಟನ್ ಎಂಬ ಅನಿಲಗಳಾಗಿ ಹೊರಬರುತ್ತದೆ. ಅಡುಗೆ ಗ್ಯಾಸ್ ಸೋರಿದರೆ ತಿಳಿಯಲೆಂದು ಬೆರೆಸುವ ಈಥೈಲ್ ಮರ್ಕ್ಯಾಪ್ಟನ್ ಈ ಎರಡನೆಯದರ ಹತ್ತಿರದ ನೆಂಟ. ಲೇಶಮಾತ್ರ ಇದ್ದರೂ ಮೂಗಿಗೆ ಹತ್ತುತ್ತದೆ. ರಕ್ತ ಬರುವಂತೆ ನಾಲಿಗೆ ಕೆರೆದರೆ ಅವಕ್ಕೆ ಊಟ ಬಡಿಸಿದ ಹಾಗೆಯೇ.

ಸುಮಾ ಕೇಳಿದ ಒಳ್ಳೆಯ ಪ್ರಶ್ನೆಯೆಂದರೆ, "ನಾರಿದ್ರೆ ನಾರ್ಲಿ, ಬಾಯಿಗೇನಾದ್ರೂ ತೊಂದ್ರೆ ಆಗತ್ತಾ?" ಆಗುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಜೋಸೆಫ್ ಟಾಂಜೆಟಿಚ್ ಈ ಅನಿಲಗಳ ಬೆನ್ನು ಹತ್ತಿದವರಲ್ಲಿ ಮೊದಲಿಗರು. ಈ ಅನಿಲಗಳು ತಾಗಿದಾಗ ಬಾಯಿಯ ಒಳಪೊರೆ ಬೇಡದ ವಸ್ತುಗಳನ್ನು ಹೆಚ್ಚಾಗಿ ಒಳಗೆ ಬಿಟ್ಟುಕೊಳ್ಳುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡದ್ದು 1984ರಲ್ಲಿ ಪ್ರಕಟವಾಯಿತು. ವಸಡನ್ನು ಹಿಡಿದಿಡುವ ಕೊಲ್ಲಾಜೆನ್ ನಾರು ತಯಾರಾಗುವುದನ್ನೂ ಇವು ಕುಗ್ಗಿಸುತ್ತವೆ. ಅಂದರೆ ವಸಡಿನ ರೋಗದಿಂದ ಅನಿಲ, ಅನಿಲದಿಂದ ವಸಡಿಗೆ ಇನ್ನಷ್ಟು ಪೆಟ್ಟು. ಏಲಕ್ಕಿ ಇದರಲ್ಲಿ ಯಾವ ಕೊಂಡಿಯನ್ನೂ ಕಡಿಯುವುದಿಲ್ಲ. ಸಕ್ಕರೆಯ ಪೆಪ್ಪರ್‌ಮಿಂಟ್ ಹುಳುಕು ಹಲ್ಲನ್ನು ಬೇರೆ ಸೇರಿಸುತ್ತದೆ. ಯಾರೂ ಬರೆದುಕೊಡದೆ ತಿಂಗಳುಗಟ್ಟಲೆ ಬಳಸಿದ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್‌ನಿಂದ ಹಲ್ಲಿನ ಮೇಲೆ ಕಂದು ಕಲೆ ಬಿದ್ದಿತ್ತು. ಹಲ್ಲು ಕೊಳೆಯುತ್ತಿದೆ ಎಂದೇ ಅವರು ತಿಳಿದಿದ್ದರು. ಅದು ದಂತವೈದ್ಯರು ಉಜ್ಜಿ ತೆಗೆಯಬಹುದಾದ ಕಲೆ, ತೆಗೆದದ್ದೂ ಆಯಿತು.

ಇನ್ನೊಂದು ಸಂಗತಿ ಮಾತಿನ ನಡುವೆ ಹೊರಬಿತ್ತು. ಬೆಳಿಗ್ಗೆ ಕೆಲಸಕ್ಕೆ ಬಂದರೆ ಸಂಜೆಯವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಶೌಚಾಲಯದ ಬೀಗದ ಕೈ ಕಾರ್ಯದರ್ಶಿಯ ಡ್ರಾಯರಿನಲ್ಲಿ. ಪ್ರತಿ ಸಲ ಹೋಗಿ ಆ ಗಂಡಸನ್ನು ಕೇಳಬೇಕು. ಬಾಯಿಯನ್ನು ತೊಳೆಯುತ್ತಿರುವುದು ಜೊಲ್ಲು. ನೀರಿಲ್ಲದೆ, ಮಾತಿಲ್ಲದೆ, ಭಯದಲ್ಲಿ ಕೂತರೆ ಅದೇ ಒಣಗುತ್ತದೆ, ವಾಸನೆ ಏರುತ್ತದೆ. ನಿದ್ದೆಯಲ್ಲಿ ಜೊಲ್ಲು ಇಳಿಯುವುದರಿಂದಲೇ ಎಲ್ಲರ ಬಾಯಿಯೂ ಬೆಳಿಗ್ಗೆ ನಾರುವುದು. ಸುಮಾ ಹಗಲಲ್ಲೂ ಅದೇ ಸ್ಥಿತಿ ತಂದುಕೊಂಡಿದ್ದರು. ಇಲ್ಲಿ ನಾನು ಆತ್ಮವಿಶ್ವಾಸದ ಬಗ್ಗೆ ಏನೂ ಹೇಳಲಿಲ್ಲ. ಒಂದು ನಕಲಿ ಕೀ ಮಾಡಿಸಿಕೊಡಿ ಎಂದು ಇಬ್ಬರು ಮಹಿಳಾ ಸಿಬ್ಬಂದಿ ಸೇರಿ ಬರೆದುಕೊಡಿ ಎಂದೆ. ಕೀ ಸಿಕ್ಕಿತು, ನೀರಿನ ಬಾಟಲಿ ಮೇಜಿನ ಮೇಲೆ ಬಂತು.

ವಸಡಿನ ಚಿಕಿತ್ಸೆ ಮುಗಿದು ವಾಸನೆ ಹೋಯಿತು. ವೈದ್ಯರು ಹೇಳಿದರು, ಗಂಡನೂ ಹೇಳಿದರು. ಮಾಸ್ಕ್ ಮಾತ್ರ ಇಳಿಯಲಿಲ್ಲ. ನನ್ನ ಕೆಲಸ ನಿಜವಾಗಿ ಶುರುವಾದದ್ದು ಇಲ್ಲಿಂದ. ಮುಂಗೈ ಮೂಸುವುದನ್ನು ಪೂರ್ತಿ ನಿಲ್ಲಿಸಿ ಎಂದೆ. ಪ್ರತಿ ಸಲ ಪರೀಕ್ಷಿಸಿದಾಗಲೂ ಅನುಮಾನ ಒಂದು ಗಳಿಗೆ ತಣ್ಣಗಾಗಿ ಮತ್ತೆ ಏಳುತ್ತದೆ. ವಾರಕ್ಕೊಮ್ಮೆ, ಭಾನುವಾರ ತಿಂಡಿಯಾದ ಮೇಲೆ, ಗಂಡ ಹೇಳಿದ್ದೇ ತೀರ್ಪು. ಮಧ್ಯೆ ಕೇಳುವಂತಿಲ್ಲ. ಗಂಡನಿಗೆ ಬೇರೆ ಷರತ್ತು: ಇದ್ದರೆ ಇದೆ ಎನ್ನಬೇಕು, ಏಲಕ್ಕಿ ತರುವಂತಿಲ್ಲ.

ಆಮೇಲೆ ಒಂದು ಪ್ರಯೋಗ ಕೊಟ್ಟೆ. ಹಾಸನಕ್ಕೆ ಬರುವ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚಿ ಕೂತು, ಮುಂದಿನವರಲ್ಲಿ ಎಷ್ಟು ಜನ ಮೂಗು ಮುಟ್ಟಿಕೊಳ್ಳುತ್ತಾರೆ ಎಂದು ಎಣಿಸಿ. ಊರು ದಾಟುವ ಮೊದಲೇ ಲೆಕ್ಕ ತಪ್ಪಿತಂತೆ. "ಕಂಡಕ್ಟರ್ ಒಬ್ರೇ ಹತ್ತು ಸಲ" ಎಂದು ನಕ್ಕರು. ಮಾಸ್ಕ್ ಮೊದಲು ಇಳಿದದ್ದು ಜನ ಕಡಿಮೆಯಿರುವ ಮಧ್ಯಾಹ್ನದ ಹೊತ್ತಿನಲ್ಲಿ, ಆಮೇಲೆ ಬೆಳಗಿನ ಗದ್ದಲದಲ್ಲಿ.

ಎಷ್ಟು ಜನ ಪರೀಕ್ಷಿಸಿ ಇಲ್ಲವೆಂದರೂ ನಂಬಿಕೆ ಕದಲದಿದ್ದರೆ ಅದು ಬೇರೆ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ರೋಗಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಜಾಗವಿದೆ. ಅಂಥವರನ್ನು ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಸುಮಾಗೆ ಅದು ಬೇಕಾಗಲಿಲ್ಲ.

ಕೆಲಸ ಬಿಡುವ ಮಾತು ಈಗ ಇಲ್ಲ. ಒಮ್ಮೆ ಕೆಟ್ಟ ವಸಡು ಮತ್ತೆ ಕೆಡುವುದರಿಂದ ಮೂರು ತಿಂಗಳಿಗೊಮ್ಮೆ ತೋರಿಸಲು ವೈದ್ಯರು ಹೇಳಿದ್ದಾರೆ, ತಪ್ಪದೆ ಹೋಗುತ್ತಿದ್ದಾರೆ. ಅಡಿಕೆ ಜಗಿಯುವ ಗಂಡನೂ ಒಮ್ಮೆ ಬಾಯಿ ತೋರಿಸಲಿ ಎಂದು ಇಬ್ಬರ ಎದುರಿಗೇ ಹೇಳಿದ್ದೆ. ಬಾಯಿ ಬಿಗಿದು ಅಗಲ ತೆರೆಯದಂತಾಗುವ ರೋಗಕ್ಕೆ ಅಡಿಕೆಯೇ ಮುಖ್ಯ ಕಾರಣ, ಅದು ಮುಂದೆ ಕ್ಯಾನ್ಸರ್ ಆಗುವುದೂ ಉಂಟು ಎಂದು ವಿವರಿಸಿದ್ದೆ. ಮುಂದಿನ ವಾರ ಎಂದಿದ್ದರು. ಇನ್ನೂ ಹೋಗಿಲ್ಲವೆಂದು ಈ ಸಲ ಸುಮಾ ದೂರು ಹೇಳಿದ್ದಾರೆ.