ಒಂದೇ ತೊಂಬೆಯ ನೀರು, ಮೂರು ಮನೆಯ ಕಾಯಿಲೆ

ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರಿಂದ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಪುಟಗಳ ಕಾಗದ ಬರೆದಿದ್ದಾರೆ. ಅದರ ಸಾರಾಂಶ ಇಷ್ಟು: ಅವರ ಬೀದಿಯ ಮೂವರು ಹೆಂಗಸರಿಗೆ ಆರೇಳು ವರ್ಷಗಳಲ್ಲಿ ಮೂರು ಬೇರೆ ಬೇರೆ ಕಾಯಿಲೆಗಳು ಕಾಣಿಸಿಕೊಂಡಿವೆ. ಒಬ್ಬರಿಗೆ ರುಮಟಾಯ್ಡ್ ಸಂಧಿವಾತ, ಇನ್ನೊಬ್ಬರಿಗೆ ಚರ್ಮ, ಕೀಲು, ಮೂತ್ರಪಿಂಡಗಳನ್ನು ಕಾಡುವ ಲೂಪಸ್, ಮತ್ತೊಬ್ಬರಿಗೆ ಹಶಿಮೊಟೊ ಎಂಬ ಥೈರಾಯ್ಡ್ ತೊಂದರೆ. ಮೂರೂ, ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮೈಯ ಮೇಲೆ ತಿರುಗಿಬೀಳುವ ಜಾತಿಯ ಕಾಯಿಲೆಗಳು. ಮೂವರೂ ಕುಡಿಯುವುದು ಗದ್ದೆಯ ಅಂಚಿನ ಕೊಳವೆಬಾವಿಯಿಂದ ತೊಂಬೆಗೆ ಏರುವ ನೀರನ್ನು. "ನೀರಿನಿಂದ ಹೀಗಾಗಿರಬಹುದೇ ಎಂದು ಮೈಸೂರಿನ ಡಾಕ್ಟರನ್ನು ಕೇಳಿದರೆ ನಕ್ಕುಬಿಟ್ಟರು. ನಗುವಂಥ ಪ್ರಶ್ನೆಯೇ ಇದು?" ಎಂದು ಅವರು ಕೇಳಿದ್ದಾರೆ.

ಅಲ್ಲ, ಅಮ್ಮ. ಆದರೂ ನಕ್ಕ ವೈದ್ಯರ ಪರವಾಗಿ ಮೊದಲು ಎರಡು ಮಾತು ಹೇಳಿ ಋಣ ತೀರಿಸಿಕೊಳ್ಳುತ್ತೇನೆ. ಲೂಪಸ್ ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು. ಥೈರಾಯ್ಡ್ ತೊಂದರೆಯಂತೂ ಯಾವ ಬೀದಿಯಲ್ಲಿ ಹುಡುಕಿದರೂ ಸಿಗುತ್ತದೆ. ಮೂರು ಮನೆಗಳ ಲೆಕ್ಕ ಕಾಕತಾಳೀಯವಾಗಿರಬಹುದು. ನಮ್ಮ ರಾಜ್ಯದಲ್ಲೇ ಇದಕ್ಕೊಂದು ಪಾಠವಿದೆ. 1970ರ ದಶಕದ ನಡುವಿನಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ದಲಿತ ಕುಟುಂಬಗಳವರಿಗೆ ಸೊಂಟ, ಮಂಡಿಗಳು ಹಿಡಿದುಕೊಂಡು ನಡೆಯುವುದೇ ಕಷ್ಟವಾದಾಗ, ಗದ್ದೆಗೆ ಹೊಡೆದ ಕೀಟನಾಶಕ ಏಡಿ, ಮೀನುಗಳ ಮೂಲಕ ಹೊಟ್ಟೆ ಸೇರಿದ್ದೇ ಕಾರಣವಿರಬೇಕೆಂಬ ಗುಮಾನಿ ಬಲವಾಗಿತ್ತು. ಮುಂದೆ ಅಧ್ಯಯನ ಮಾಡಿದವರು ಅದು ವಂಶಪಾರಂಪರ್ಯವಾಗಿ ಬರುವ ಮೂಳೆ ಕೀಲುಗಳ ಕಾಯಿಲೆ ಎಂಬ ತೀರ್ಮಾನಕ್ಕೆ ಬಂದರು. ಹಾಗಾಗಿ, ನಿಮ್ಮ ತೊಂಬೆಯೇ ಅಪರಾಧಿ ಎಂದು ನಾನು ಬರೆಯಲಾರೆ.

ಆದರೆ ವಂಶವಾಹಿಯ ಹೆಸರು ಹೇಳಿ ಬಾಗಿಲು ಹಾಕಿಕೊಳ್ಳುವಂತೆಯೂ ಇಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ರುಮಟಾಯ್ಡ್ ಸಂಧಿವಾತ ಬಂದರೆ ಇನ್ನೊಬ್ಬರಿಗೂ ಬರುವುದು ಶೇ. 15ರ ಆಸುಪಾಸಿನಲ್ಲಿ ಮಾತ್ರ. ವಂಶವಾಹಿಗಳೆಲ್ಲ ಒಂದೇ ಆಗಿದ್ದರೂ ಉಳಿದ ಅವಳಿಗಳು ಹೇಗೆ ಪಾರಾದರು? ಉಸಿರಾಡಿದ್ದು, ಉಂಡದ್ದು, ಕುಡಿದದ್ದು, ತಗುಲಿದ ಸೋಂಕು, ಇವುಗಳ ಕಡೆಗೆ ನೋಡಲೇಬೇಕಾಗುತ್ತದೆ. ಕಲ್ಲು ಒಡೆಯುವವರ ಎದೆಗೆ ಹೋಗುವ ಸಿಲಿಕಾ ಧೂಳಿಗೂ ಇಂಥ ಕಾಯಿಲೆಗಳಿಗೂ ನಂಟಿದೆ ಎಂಬುದನ್ನು ವೈದ್ಯಲೋಕ ಒಪ್ಪಿ ಬಹಳ ಕಾಲವಾಯಿತು. ಧೂಳಿಗೆ ಕೊಟ್ಟ ಗೌರವವನ್ನು ನೀರಿಗೂ ಕೊಡಿ ಎಂಬುದಷ್ಟೇ ನನ್ನ ವಾದ.

ಅಮೆರಿಕದ ಅರಿಜೋನ ರಾಜ್ಯದ ಟೂಸಾನ್ ನಗರದಲ್ಲಿ, ಲೋಹದ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕ ಬಾವಿಗಳಿಗೆ ಇಳಿದಿತ್ತು. ಆ ನೀರು ಕುಡಿದವರಲ್ಲಿ ಲೂಪಸ್‌ನ ಲಕ್ಷಣಗಳೂ, ತಮ್ಮದೇ ಜೀವಕೋಶಗಳ ಕೇಂದ್ರಕ್ಕೆ ಎದುರಾಗಿ ನಿಲ್ಲುವ ಪ್ರತಿಕಾಯಗಳೂ ಹೆಚ್ಚಾಗಿದ್ದವೆಂದು 1992ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಇಂಥ ಕಾಯಿಲೆಗೆ ಸುಲಭವಾಗಿ ಒಳಗಾಗುವ ಇಲಿಗಳ ಕುಡಿಯುವ ನೀರಿಗೆ ಅದೇ ದ್ರಾವಕವನ್ನು ಬೆರೆಸಿದಾಗ ಅವುಗಳ ಯಕೃತ್ತಿನ ಮೇಲೆ ಅವುಗಳದೇ ರಕ್ಷಣಾ ಕೋಶಗಳು ಎರಗಿದವು.

ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಸುತ್ತಲಿನ ಕಥೆ ಇನ್ನೂ ದೊಡ್ಡದು. ಟೆಫ್ಲಾನ್ ತಯಾರಿಕೆಯಲ್ಲಿ ಬಳಸುತ್ತಿದ್ದ ಪಿಎಫ್‌ಒಎ ಎಂಬ ರಾಸಾಯನಿಕ ಅಲ್ಲಿನ ಕುಡಿಯುವ ನೀರಿಗೆ ಸೇರಿತ್ತು. ಕಂಪನಿಯ ಮೇಲೆ ಅಲ್ಲಿನ ಜನ ಹೂಡಿದ ಮೊಕದ್ದಮೆಯ ರಾಜಿಯ ಭಾಗವಾಗಿ ಸುಮಾರು 69,000 ಜನರ ಆರೋಗ್ಯದ ವಿವರ ಮತ್ತು ರಕ್ತದ ಮಾದರಿ ಸಂಗ್ರಹವಾದವು. ಮೂವರು ವಿಜ್ಞಾನಿಗಳ ಸಮಿತಿ 2012ರ ಹೊತ್ತಿಗೆ ಆರು ಕಾಯಿಲೆಗಳ ಜೊತೆ ಸಂಭವನೀಯ ನಂಟಿದೆ ಎಂದಿತು; ಕರುಳಿನ ಹುಣ್ಣಿನ ಅಲ್ಸರೇಟಿವ್ ಕೊಲೈಟಿಸ್ ಮತ್ತು ಥೈರಾಯ್ಡ್ ಕಾಯಿಲೆ ಅವುಗಳಲ್ಲಿದ್ದವು. ಲೂಪಸ್ಸಿಗೆ, ರುಮಟಾಯ್ಡ್ ಸಂಧಿವಾತಕ್ಕೆ ಅಂಥ ನಂಟು ಕಾಣಲಿಲ್ಲವೆಂದೂ ಅದೇ ಸಮಿತಿ ಬರೆಯಿತು. ನನ್ನ ವಾದಕ್ಕೆ ಇದು ಅಡ್ಡ ಬರುತ್ತದೆಂದು ಮುಚ್ಚಿಡುವುದಿಲ್ಲ. ಆದರೆ ಗಮನಿಸಿ, "ಇಲ್ಲ" ಎನ್ನುವ ಯೋಗ್ಯತೆ ಅವರಿಗೆ ಬಂದದ್ದು ಅಷ್ಟು ಸಾವಿರ ಜನರ ರಕ್ತ ನೋಡಿದ ಮೇಲೆ. ನಿಮ್ಮ ಡಾಕ್ಟರು ಒಂದು ಲೋಟ ನೀರನ್ನೂ ನೋಡದೆ ಇಲ್ಲವೆಂದರು.

ಈಗ ನಮ್ಮ ನೀರಿಗೆ ಬರೋಣ. ಇರ್ವಿನ್ ನಾಲೆ ಎಂದು ಹುಟ್ಟಿ ವಿಶ್ವೇಶ್ವರಯ್ಯ ನಾಲೆಯಾದ ಕಾಲುವೆ ಮಂಡ್ಯ ಸೀಮೆಗೆ ಭತ್ತ, ಕಬ್ಬು, ಆಲೆಮನೆಗಳನ್ನು ತಂದಿತು. ಅದರ ಹಿಂದೆಯೇ ಯೂರಿಯಾ ಮೂಟೆಗಳೂ ಬಂದವು. ಬೆಳೆ ಹೀರಿ ಉಳಿದ ಸಾರಜನಕ ನೈಟ್ರೇಟ್ ಆಗಿ ನೆಲಕ್ಕೆ ಇಳಿಯುತ್ತದೆ. ಕೊಟ್ಟಿಗೆಯ ಗಂಜಲ, ಪಾಯಿಖಾನೆಯ ಗುಂಡಿಗಳೂ ತಮ್ಮ ಪಾಲು ಸೇರಿಸುತ್ತವೆ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರಿಕೊಳ್ಳುವ ದಾರಿಗೆ ನೈಟ್ರೇಟ್ ಅಡ್ಡ ನಿಲ್ಲಬಲ್ಲದು. ಆದರೆ ಅಯೋಡಿನ್ ಸಿಗದೆ ಗ್ರಂಥಿ ಸೊರಗುವುದು ಬೇರೆ, ಹಶಿಮೊಟೊದಲ್ಲಿ ಮೈಯೇ ಗ್ರಂಥಿಯನ್ನು ತಿನ್ನುವುದು ಬೇರೆ. ನಿಮ್ಮ ಕಾಗದದಲ್ಲಿ ಇವೆರಡೂ ಕಲಸಿಹೋಗಿವೆ.

ಇನ್ನೊಂದು ತಪ್ಪು ಹೇಳಿದರೆ ಬೇಸರಪಡಬೇಡಿ. "ನಾವಂತೂ ಕುದಿಸಿಯೇ ಕುಡಿಯುತ್ತೇವೆ" ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಆದರೆ ನೈಟ್ರೇಟ್ ಆವಿಯಾಗುವುದಿಲ್ಲ. ನೀರು ಇಂಗಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಮಕ್ಕಳಿಗೆ ಮೂವತ್ತು ವರ್ಷ ವಿಜ್ಞಾನ ಕಲಿಸಿದವರು ನೀವು, ಉಪ್ಪುನೀರು ಕುದಿಸಿ ಉಪ್ಪು ತೆಗೆಯುವ ಪ್ರಯೋಗವನ್ನು ಮರೆತಿರಲಾರಿರಿ.

ನನ್ನದೇ ಅನುಭವ ಹೇಳುತ್ತೇನೆ. ಮೈಸೂರಿನ ಹೊರವಲಯದ ನಮ್ಮ ಬಡಾವಣೆಗೆ ಕಾವೇರಿಯೂ ಬಂದಿಲ್ಲ, ಕಬಿನಿಯೂ ಬಂದಿಲ್ಲ, ಕೊಳವೆಬಾವಿಯೇ ಗತಿ. ಕಳೆದ ವರ್ಷ ಎರಡು ಲೀಟರ್ ಕ್ಯಾನಿನಲ್ಲಿ ನೀರು ತುಂಬಿಕೊಂಡು ಪ್ರಯೋಗಾಲಯವೊಂದಕ್ಕೆ ಕೊಟ್ಟೆ. ವಾರದ ಮೇಲೆ ಬಂದ ಚೀಟಿಯಲ್ಲಿ ಗಡಸುತನ, ಕ್ಲೋರೈಡ್, ಫ್ಲೋರೈಡ್ ಎಲ್ಲಕ್ಕೂ ಅಂಕಿಗಳಿದ್ದವು. ನೈಟ್ರೇಟ್ ಎದುರು ಒಂದು ಅಡ್ಡಗೆರೆ. ಕೇಳಿದರೆ, "ಕೆಮಿಕಲ್ ಖಾಲಿ ಆಗಿದೆ ಸಾರ್, ಉಳಿದದ್ದೆಲ್ಲಾ ಚೆನ್ನಾಗಿದೆಯಲ್ಲ" ಎಂಬ ಉತ್ತರ ಬಂತು. ದ್ರಾವಕ, ಕೀಟನಾಶಕಗಳ ಹೆಸರು ಆ ಚೀಟಿಯಲ್ಲಿ ಅಚ್ಚೇ ಆಗಿರಲಿಲ್ಲ. ಆಸ್ಪತ್ರೆಯ ಕಡೆಯದೂ ಇದೇ ಹಾಡು. ಮಂಡಿನೋವಿಗೆಂದು ಹೋದ ನನ್ನ ಅತ್ತಿಗೆಯ ಕೇಸ್ ಶೀಟಿನಲ್ಲಿ ಎಲೆಅಡಿಕೆ ಎಷ್ಟು ಹಾಕುತ್ತೀರಿ ಎಂಬುದಕ್ಕೂ ಜಾಗವಿತ್ತು, ಯಾವ ನೀರು ಕುಡಿಯುತ್ತೀರಿ ಎಂಬುದಕ್ಕೆ ಇರಲಿಲ್ಲ. ಕೇಳದ ಪ್ರಶ್ನೆಗೆ ದಾಖಲೆ ಎಲ್ಲಿಂದ ಬರಬೇಕು? ದಾಖಲೆ ಇಲ್ಲದ್ದನ್ನೇ ಆಮೇಲೆ "ಪುರಾವೆ ಇಲ್ಲ" ಎಂದು ನಮಗೆ ಓದಿ ಹೇಳುತ್ತಾರೆ. ನಾವಾದರೂ ಏನು ಮಾಡಿದ್ದೇವೆ? ಐದು ರೂಪಾಯಿ ನಾಣ್ಯ ಹಾಕಿ ಇಪ್ಪತ್ತು ಲೀಟರ್ ಹಿಡಿದುಕೊಂಡು ಬರುತ್ತೇವೆ, ಘಟಕದ ಫಿಲ್ಟರ್ ಬದಲಿಸಿದ ದಿನಾಂಕವನ್ನು ಕೇಳುವುದಿಲ್ಲ. ಊರ ಕಲ್ಯಾಣಿಗೆ ಕಸ ಸುರಿದು, ಕ್ಯಾನ್ ನೀರಿಗೆ ಪೂಜೆ ಮಾಡುವ ಕಾಲಕ್ಕೆ ಬಂದಿದ್ದೇವೆ.

ನಿಮ್ಮ ಕಾಗದದ ಕೊನೆಯ ಪುಟ ಓದಿ ಮಾತ್ರ ಗಾಬರಿಯಾಯಿತು. ಲೂಪಸ್ ಇರುವ ಹೆಣ್ಣುಮಗಳು ಮನೆಗೆ ಆರ್‌ಒ ಯಂತ್ರ ತಂದ ಮೇಲೆ ಮಾತ್ರೆ ನಿಲ್ಲಿಸಿದ್ದಾರೆ ಎಂದಿದ್ದೀರಿ. ದಯವಿಟ್ಟು ಇವತ್ತೇ ಅವರನ್ನು ವೈದ್ಯರ ಬಳಿ ಕರೆದೊಯ್ಯಿರಿ, ನಕ್ಕ ವೈದ್ಯರಾದರೂ ಸರಿಯೇ. ಆ ಯಂತ್ರ ನೈಟ್ರೇಟನ್ನು ಬಹುಪಾಲು ತಡೆಯುತ್ತದೆ, ನಿಜ; ಒಮ್ಮೆ ಹತ್ತಿದ ಲೂಪಸ್ಸನ್ನು ಅದು ಇಳಿಸುವುದಿಲ್ಲ. ಮಾತ್ರೆ ಬಿಟ್ಟರೆ ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು.

ಆಮೇಲೆ ನೀರಿನ ಕೆಲಸ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂದಿದೆ. ನಿಮ್ಮ ಊರಿನ ಐವರು ಯಾರೆಂದು ಪಂಚಾಯಿತಿಯಲ್ಲಿ ವಿಚಾರಿಸಿ. ವಾಟರ್‌ಮ್ಯಾನ್‌ಗೆ ಹೇಳಿ ಮೋಟಾರನ್ನು ಹತ್ತು ನಿಮಿಷ ಓಡಿಸಿ, ತೊಂಬೆಯಿಂದಲ್ಲ, ಕೊಳವೆಬಾವಿಯ ಬಾಯಿಂದಲೇ ನೀರು ಹಿಡಿಯಿರಿ. ಬೇಸಿಗೆಯಲ್ಲಿ ಒಮ್ಮೆ, ಗದ್ದೆಗೆ ಗೊಬ್ಬರ ಬಿದ್ದು ಮಳೆಯಾದ ಮೇಲೆ ಇನ್ನೊಮ್ಮೆ ಹಿಡಿದು, ತಣ್ಣಗಿಟ್ಟು, ಮಾರನೆಯ ದಿನವೇ ಪ್ರಯೋಗಾಲಯಕ್ಕೆ ತಲುಪಿಸಿ. ನೈಟ್ರೇಟ್ ಎದುರು ಅಡ್ಡಗೆರೆ ಹಾಕಿಕೊಟ್ಟರೆ ಚೀಟಿಯನ್ನು ಅಲ್ಲೇ ವಾಪಸು ಕೊಡಿ. ಅಂಕಿ ಬಂದರೆ ಒಂದು ನಕಲನ್ನು ನಮಗೂ ಕಳಿಸಿ. 45ಕ್ಕಿಂತ ಕಡಿಮೆ ಬಂದು ನನ್ನ ಇಷ್ಟು ಉದ್ದದ ವಾದ ನೆಲ ಕಚ್ಚಿದರೂ ಅದನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.

— ಸಂ.