ಕಾಲಾಳು ಕೊನೆ ಸಾಲು ಮುಟ್ಟಿದಾಗ ಮೌಸ್ ಏನು ಮಾಡಬೇಕು?

ಪ್ರಶ್ನೆ: ಸರ್, ಹವ್ಯಾಸಕ್ಕೆಂದು ಒಂದು ಚೆಸ್ ಪ್ರೋಗ್ರಾಂ ಬರೆಯುತ್ತಿದ್ದೇನೆ. ಕಾಲಾಳು ಕೊನೆ ಸಾಲು ಮುಟ್ಟಿ ಬಡ್ತಿ ಪಡೆಯುವಾಗ, ಅಂದರೆ ಬೇರೆ ಕಾಯಿ ಆಗುವಾಗ, ಪರದೆಯ ಮಧ್ಯೆ ಒಂದು ಪೆಟ್ಟಿಗೆ ತೆರೆದು, ಯಾವ ಕಾಯಿ ಬೇಕು ಎಂದು ಕೇಳುತ್ತದೆ. ಆಡಿ ನೋಡಿದ ಗೆಳೆಯರಿಗೆಲ್ಲ ಅದು ಕಿರಿಕಿರಿ. ಅದನ್ನು ತೆಗೆದು ಸೀದಾ ರಾಣಿಯನ್ನೇ ಕೊಟ್ಟು, ಕುದುರೆ ಬೇಕಾದವರು ಮೌಸಿನ ಬಲ ಬಟನ್ ಒತ್ತಲಿ ಅಂತ ಮಾಡಬಹುದಾ? ಆಯ್ಕೆ ಮಾಡುವಷ್ಟು ಹೊತ್ತು ಗಡಿಯಾರ ನಿಲ್ಲಿಸಬೇಕಾ?

ಉತ್ತರ: ಪೆಟ್ಟಿಗೆ ತೆಗೆಯಿರಿ, ಆದರೆ ಕೇಳುವುದನ್ನು ಬಿಡಬೇಡಿ. ಗೆಳೆಯರ ಸಿಟ್ಟೆಲ್ಲ ಆ ಪೆಟ್ಟಿಗೆ ತೆರೆಯುವ ಜಾಗದ ಮೇಲೆ.

ಕಾಲಾಳು ಇ8ಕ್ಕೆ, ಅಂದರೆ ಇ ಸಾಲಿನ ತುದಿಯ ಮನೆಗೆ, ಬಂತು ಅನ್ನಿ. ಆಡುವವರ ಕಣ್ಣು, ಮೌಸ್ ಎರಡೂ ಆಗ ಆ ಮನೆಯ ಮೇಲಿರುತ್ತವೆ. ನಿಮ್ಮ ಪೆಟ್ಟಿಗೆ ಬೋರ್ಡಿನ ನಡುವೆ ಬಂದು ಕೂರುತ್ತದೆ. ಕೈ ಅಷ್ಟು ದೂರ ಹೋಗಬೇಕು, ಬಟನ್ ಹುಡುಕಬೇಕು, ಒತ್ತಿ ಮತ್ತೆ ವಾಪಸ್ ಬರಬೇಕು. ಗುರಿ ದೂರವಾದಷ್ಟೂ, ಚಿಕ್ಕದಾದಷ್ಟೂ ಕೈಗೆ ಜಾಸ್ತಿ ಹೊತ್ತು ಬೇಕು ಎಂದು ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ಅಳೆದು ತೋರಿಸಿದ್ದರು. ಸಾಲದ್ದಕ್ಕೆ ಪೆಟ್ಟಿಗೆ ಬೋರ್ಡನ್ನೂ ಮುಚ್ಚುತ್ತದೆ. ಕುದುರೆ ಮಾಡಿದರೆ ಚೆಕ್ ಬೀಳುತ್ತದಾ ಅಂತ ನೋಡಲು ಹೋದರೆ ರಾಜನೇ ಕಾಣುವುದಿಲ್ಲ!

ಮೆನುವನ್ನು ಕಾಲಾಳು ಬಂದು ನಿಂತ ಮನೆಯಲ್ಲೇ ತೆರೆಯಿರಿ. ಇ8ರ ಮೇಲೆ ರಾಣಿ, ಅದರ ಕೆಳಗೆ ಕುದುರೆ, ಆಮೇಲೆ ಆನೆ, ಕೊನೆಗೆ ಒಂಟೆ. ಒಂದೊಂದಕ್ಕೂ ಪೂರ್ತಿ ಒಂದು ಮನೆಯಷ್ಟು ಜಾಗ ಕೊಡಿ. ಆನ್‌ಲೈನ್ ಚೆಸ್ ತಾಣ ಲಿಚೆಸ್‌ನಲ್ಲಿ ಇರುವುದೂ ಹೀಗೇ. ರಾಣಿ ಬೇಕಾದವರು ಮೌಸ್ ಅಲ್ಲಾಡಿಸದೆ ಇನ್ನೊಂದು ಸಲ ಒತ್ತಿದರೆ ಆಯಿತು. ಕಾಯಿಗಳ ಬೆಲೆ ನೋಡಿ ಆನೆಯನ್ನು ಎರಡನೇ ಜಾಗಕ್ಕೆ ಹಾಕಬೇಡಿ. ಈ ನಾಲ್ಕರಲ್ಲಿ ರಾಣಿಗೆ ಬಾರದ ನಡೆ ಗೊತ್ತಿರುವುದು ಕುದುರೆಗೆ ಮಾತ್ರ. ಆನೆ, ಒಂಟೆ ಬೇಕಾಗುವುದು ಹೆಚ್ಚಾಗಿ ಸ್ಟೇಲ್‌ಮೇಟ್ ತಪ್ಪಿಸುವುದಕ್ಕೆ, ಅಂದರೆ ಚೆಕ್ ಇಲ್ಲದಿದ್ದರೂ ಎದುರಾಳಿಗೆ ಆಡಲು ನಡೆಯೇ ಉಳಿಯದೆ ಆಟ ಡ್ರಾ ಆಗುವುದನ್ನು ತಪ್ಪಿಸುವುದಕ್ಕೆ.

ರಾಣಿ ಮೌಸಿನ ಅಡಿಯಲ್ಲೇ ಇರುವುದರಿಂದ ಒಂದು ತೊಂದರೆಯೂ ಇದೆ. ಎಲ್ಲದಕ್ಕೂ ಎರಡೆರಡು ಸಲ ಒತ್ತುವ ಅಭ್ಯಾಸ ಕೆಲವರಿಗೆ. ಹಳೆಯ ಮೌಸಾದರೆ ಒಂದು ಸಲ ಒತ್ತಿದ್ದನ್ನು ಎರಡು ಅಂತ ಹೇಳುವುದೂ ಉಂಟು. ಮೆನು ಕಣ್ಣಿಗೆ ಬೀಳುವ ಮುಂಚೆಯೇ ರಾಣಿ ಬಂದು ಕೂತಿರುತ್ತದೆ. ಅದಕ್ಕೇ ಮೆನು ತೆರೆದ ಮೊದಲ 150 ಮಿಲಿಸೆಕೆಂಡ್ ರಾಣಿಯ ಮನೆ ಮಾತ್ರ ಕಿವುಡಾಗಿರಲಿ. ಉಳಿದ ಮೂರಕ್ಕೆ ಈ ಕಾವಲು ಬೇಡ, ಅಲ್ಲಿಗೆ ಯಾರೂ ಕೈತಪ್ಪಿ ಹೋಗುವುದಿಲ್ಲ. ಈ ಸಂಖ್ಯೆ ನನ್ನ ಅಂದಾಜು. ಗೆಳೆಯರನ್ನು ಕೂರಿಸಿ ಆಡಿಸಿ, ಹೆಚ್ಚು ಕಡಿಮೆ ಮಾಡಿಕೊಳ್ಳಿ.

ನನಗೆ ಇನ್ನೂ ಇಷ್ಟವಾದ ಒಂದು ದಾರಿ ಇದೆ. ಕಾಲಾಳಿನ ಮೇಲೆ ಒಮ್ಮೆ ಒತ್ತಿ, ಆಮೇಲೆ ಇ8 ಒತ್ತಿ ಆಡುವವರಿಗೆ, ಬಟನ್ ಬಿಟ್ಟಾಗ ಮೆನು ತೋರಿಸುವ ಬದಲು ಒತ್ತಿದ ಕೂಡಲೇ ತೋರಿಸಿ. ಒತ್ತಿ ಹಿಡಿದೇ ಒಂದು ಮನೆ ಕೆಳಗೆ ಜಾರಿಸಿ ಬಿಟ್ಟರೆ ಕುದುರೆ. ಜಾರಿಸದೆ ಬಿಟ್ಟರೆ ಮೆನು ಹಾಗೇ ತೆರೆದಿರಲಿ, ನಿಧಾನವಾಗಿ ಆರಿಸಿಕೊಳ್ಳುತ್ತಾರೆ. ನಾಲ್ಕು ಸಲ ಮಾಡಿದರೆ ಕೈಗೇ ರೂಢಿಯಾಗುತ್ತದೆ. ಕಾಯಿಯನ್ನು ಎಳೆದು ಬಿಡುವವರಿಗೆ ಇದು ಒಗ್ಗುವುದಿಲ್ಲ. ಅವರಿಗೆ ಬಿಟ್ಟ ಮೇಲೇ ಮೆನು.

ಬಲ ಬಟನ್ ಬೇಡ. ಎಷ್ಟೋ ಕಡೆ ಬೋರ್ಡಿನ ಮೇಲೆ ಬಾಣ ಎಳೆಯುವುದು ಅದರಿಂದಲೇ. ಅದೂ ಅಲ್ಲದೆ ನೀವು ಹೇಳದ ಹೊರತು ಅದು ಯಾರಿಗೂ ಗೊತ್ತಾಗುವುದಿಲ್ಲ, ಅಲ್ವಾ? ಕೇಳದೆ ರಾಣಿ ಕೊಡುವುದು ಸೆಟ್ಟಿಂಗ್ಸ್‌ನಲ್ಲಿ ಇರಲಿ, ಮೊದಲಿಗೆ ಆಫ್ ಆಗಿರಲಿ. ನಾನೇ ಒಂದು ಪ್ರೋಗ್ರಾಂನಲ್ಲಿ ಗೆಲ್ಲುವ ಆಟ ಕಳೆದುಕೊಂಡಿದ್ದೇನೆ. ನನಗೆ ಬೇಕಿದ್ದದ್ದು ಆನೆ. ಕಾಲಾಳು ತಳ್ಳಿದ ತಕ್ಷಣ ರಾಣಿ ಬಂತು, ಎದುರಾಳಿಯ ರಾಜನಿಗೆ ಹೋಗಲು ಮನೆಯೇ ಉಳಿಯಲಿಲ್ಲ. ಡ್ರಾ. ಸುಮ್ನೆ ಬಾಯಿ ಬಿಟ್ಟು ನೋಡುತ್ತಾ ಕೂತೆ.

ಮನಸ್ಸು ಬದಲಾದರೆ ಮೆನುವಿನ ಹೊರಗೆ ಎಲ್ಲಿ ಒತ್ತಿದರೂ ಕಾಲಾಳು ಹಳೆಯ ಮನೆಗೆ ಮರಳಬೇಕು. ಎಸ್ಕೇಪ್ ಕೀಗೂ ಅದೇ ಕೆಲಸ. ಕಾಯಿ ಆರಿಸುವ ತನಕ ನಡೆಯನ್ನು ಆಟ ಲೆಕ್ಕಹಾಕುವ ಎಂಜಿನ್‌ಗೆ ಕಳಿಸಬೇಡಿ. ಎಂಜಿನ್ ಜೊತೆ ಮಾತಾಡಲು ಬಳಸುವ ಯುಸಿಐ ಕ್ರಮದಲ್ಲಿ ಬಡ್ತಿಯ ನಡೆಗೆ ಐದು ಅಕ್ಷರ: ಹೊರಟ ಮನೆಗೆ ಎರಡು, ಸೇರಿದ ಮನೆಗೆ ಎರಡು, ಹೊಸ ಕಾಯಿಗೆ ಒಂದು. ಐದನೆಯದು ಬರುವವರೆಗೆ ನಡೆ ಅರ್ಧ ಮಾತ್ರ ಆಗಿರುತ್ತದೆ. ಹಾಗೆಯೇ, ನಿಯಮದ ಪ್ರಕಾರ ಆಗದ ನಡೆಗೆ ಮೆನು ತೆರೆಯಲೇ ಬಾರದು. ನಾಲ್ಕರಲ್ಲಿ ಒಂದನ್ನು ಆರಿಸಿದ ಮೇಲೆ 'ಈ ನಡೆ ಆಗದು' ಅಂದರೆ ಯಾರಿಗೆ ರೇಗುವುದಿಲ್ಲ?

ಬರೆದಾದ ಮೇಲೆ ಲಾಸ್ಕರ್ ಬಲೆ ಎಂಬ ನಡೆಗಳ ಸರಣಿ ಆಡಿ ಪರೀಕ್ಷಿಸಿ. ಆಟ ಶುರುಮಾಡುವ ಒಂದು ಕ್ರಮವಾದ ಅಲ್ಬಿನ್ ಕೌಂಟರ್ ಗ್ಯಾಂಬಿಟ್‌ನಲ್ಲಿ ಬರುತ್ತದೆ. 7ನೇ ನಡೆಯಲ್ಲೇ ಕಪ್ಪು ಕಾಲಾಳು ಜಿ1ರ ಕುದುರೆಯನ್ನು ಹೊಡೆದು, ತಾನೇ ಕುದುರೆಯಾಗಿ ಚೆಕ್ ಕೊಡುತ್ತದೆ. ರಾಣಿ ಮಾಡಿಕೊಂಡರೆ ಬಿಳಿ ರಾಣಿ ಡಿ8ರಲ್ಲಿರುವ ಕಪ್ಪು ರಾಣಿಯನ್ನು ಹೊಡೆದು ಚೆಕ್ ಕೊಡುತ್ತದೆ. ಬಿಳಿಯ ಕಡೆಯಿಂದ ಬೋರ್ಡ್ ನೋಡುತ್ತಾ ಇದನ್ನು ಆಡಿ. ಮೆನು ಮೇಲ್ಮುಖವಾಗಿ ತೆರೆಯಬೇಕು, ಅದರಲ್ಲಿ ಕಪ್ಪು ಕಾಯಿಗಳೇ ಇರಬೇಕು. ಮೆನುವನ್ನು ಅಡ್ಡಡ್ಡ ಇಟ್ಟಿದ್ದರೆ ಜಿ ಸಾಲಿನಲ್ಲಿ ಬೋರ್ಡಿನಾಚೆ ಚಾಚಿಕೊಳ್ಳುವುದೂ ಆಗಲೇ ಗೊತ್ತಾಗುತ್ತದೆ. ಆನೆಯ ಪರೀಕ್ಷೆಗೆ 1895ರ ಸಾವೆದ್ರ ಸ್ಥಿತಿ ಎಂಬ ಆಟದ ಕೊನೆ ಹಂತದ ಸಮಸ್ಯೆ ಇದೆ. ಅಲ್ಲಿ ರಾಣಿ ಮಾಡಿದರೆ ಕಪ್ಪು ತನ್ನ ಆನೆಯನ್ನು ಬಲಿ ಕೊಟ್ಟು ಸ್ಟೇಲ್‌ಮೇಟ್ ಮಾಡಿಕೊಳ್ಳುತ್ತದೆ, ಆನೆ ಮಾಡಿದರೆ ಬಿಳಿಗೆ ಗೆಲುವು.

ಇನ್ನು ಗಡಿಯಾರ. ನಿಲ್ಲಿಸಬೇಡಿ. ನಿಜವಾದ ಬೋರ್ಡಿನಲ್ಲಿ ಬೇಕಾದ ಕಾಯಿ ಸಿಗದಿದ್ದರೆ ಗಡಿಯಾರ ನಿಲ್ಲಿಸಿ ತೀರ್ಪುಗಾರರಾದ ಆರ್ಬಿಟರ್‌ ಅವರನ್ನು ಕೇಳಲು ವಿಶ್ವ ಚೆಸ್ ಸಂಸ್ಥೆ ಫಿಡೆಯ ನಿಯಮ ಬಿಡುತ್ತದೆ. 2017ರ ಕೆನಡಾ ಚಾಂಪಿಯನ್‌ಷಿಪ್‌ನ ಪ್ಲೇಆಫ್‌ನಲ್ಲಿ ಒಬ್ಬರು ಹಾಗೆ ಮಾಡದೆ, ರಾಣಿಯ ಬದಲು ಆನೆಯನ್ನು ತಲೆಕೆಳಗಾಗಿ ಇಟ್ಟರು. ಅದನ್ನು ಆನೆ ಎಂದೇ ಎಣಿಸಲಾಯಿತು. ನಿಮ್ಮ ಮೆನುವಿನಲ್ಲಿ ನಾಲ್ಕೂ ಕಾಯಿ ಯಾವಾಗಲೂ ಇರುವುದರಿಂದ ಆ ನೆಪಕ್ಕೆ ಜಾಗವಿಲ್ಲ. ಮೆನು ತೆರೆದಿರುವಾಗಲೇ ಸಮಯ ಮುಗಿದರೆ ಮೆನು ಮುಚ್ಚಿ, ಕಾಲಾಳನ್ನು ಅದರ ಮನೆಗೆ ಕಳಿಸಿ, ಸಮಯ ಮುಗಿಯಿತೆಂದು ತೋರಿಸಿ. ಪಾಪ ಅಂತ ರಾಣಿ ಕೊಟ್ಟುಬಿಡಬೇಡಿ.